ಹೆಬ್ಬೆರಳು ಬರೆದ ಭವಿಷ್ಯ: ನೇಲ್ ರೈಟರ್ ಕೊಳ್ಳುವ ಮುನ್ನ

ಮನಸ್ಸು ಓದುವ ಆಟವಾಡುವ ಜಾದೂಗಾರ, ಅಂದರೆ ಮೆಂಟಲಿಸ್ಟ್ ಒಬ್ಬರು ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನೋ ಬರೆಯುತ್ತಾರೆ. ಬರೆದದ್ದನ್ನು ತೋರಿಸುವುದಿಲ್ಲ. ಪೆನ್ಸಿಲನ್ನು ಜೇಬಿಗಿಳಿಸಿ, ಕಾರ್ಡನ್ನು ಎದೆಯ ಮಟ್ಟದಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದು, ಎದುರಿಗಿದ್ದವರನ್ನು ಕೇಳುತ್ತಾರೆ: ‘ಎರಡಂಕಿಯ ಯಾವುದಾದರೂ ಸಂಖ್ಯೆ ಹೇಳಿ.’ ಎಪ್ಪತ್ತನಾಲ್ಕು ಎಂಬ ಉತ್ತರ ಬರುತ್ತದೆ. ‘ಯಾಕೆ ಎಪ್ಪತ್ತನಾಲ್ಕೇ ಹೊಳೆಯಿತು? ಮನೆ ನಂಬರೋ, ಅಜ್ಜಿಯ ವಯಸ್ಸೋ?’ ಎಂದು ನಗುತ್ತ ಮಾತು ಬೆಳೆಸುತ್ತಾರೆ. ಸುಮ್ಮನೆ ಹೊಳೆಯಿತು ಅನ್ನುತ್ತಾರೆ ಅವರು. ಕಾರ್ಡು ತಿರುಗುತ್ತದೆ. ‘ನೀವು ಹೇಳುವ ಸಂಖ್ಯೆ: 74’ ಎಂದಿದೆ.

ಪೆನ್ಸಿಲು ಬರೆದದ್ದು ಮೊದಲ ಮೂರು ಪದಗಳನ್ನು ಮಾತ್ರ. ಅಂಕಿ ಇರಬೇಕಾದ ಜಾಗ ಖಾಲಿ ಇತ್ತು. ಅಜ್ಜಿಯ ವಯಸ್ಸಿನ ಮಾತು ನಡೆಯುವಾಗ, ಕಾರ್ಡು ಹಿಡಿದ ಕೈಯ ಹೆಬ್ಬೆರಳು ಆ ಖಾಲಿ ಜಾಗವನ್ನು ತುಂಬಿತು. ಹೆಬ್ಬೆರಳಿಗೆ ಅಂಟಿಕೊಂಡಿದ್ದ ಪುಟ್ಟ ಸಲಕರಣೆಯೊಂದು ಈ ಕೆಲಸ ಮಾಡುತ್ತದೆ. ಜಾದೂಗಾರರು ಅದನ್ನು ನೇಲ್ ರೈಟರ್ ಅನ್ನುತ್ತಾರೆ, ಹಳಬರು ಸ್ವಾಮಿ ಗಿಮಿಕ್ ಅನ್ನುತ್ತಾರೆ. ಅಮೆರಿಕದ ‘ಅಲೆಕ್ಸಾಂಡರ್’ನಂಥ ಪ್ರದರ್ಶಕರು ತಲೆಗೆ ರುಮಾಲು ಸುತ್ತಿಕೊಂಡು ಪೂರ್ವದೇಶದ ಜ್ಞಾನಿಯ ವೇಷದಲ್ಲಿ ವೇದಿಕೆಗೆ ಬರುತ್ತಿದ್ದ ಕಾಲದ ಸೊಗಡು ಆ ಹಳೆಯ ಹೆಸರಿನಲ್ಲಿದೆ.

ಗುಟ್ಟು ಬಯಲು ಮಾಡುತ್ತಿದ್ದೇನೆ ಎಂದು ಯಾರಾದರೂ ಮುನಿಸಿಕೊಳ್ಳುವ ಮೊದಲು ಒಂದು ಮಾತು. ಬ್ರಿಟನ್ನಿನ ಟೋನಿ ಕೊರಿಂಡಾ 1950ರ ದಶಕದ ಕೊನೆಯಲ್ಲಿ ಕಿರುಪುಸ್ತಕಗಳಾಗಿ ಹೊರತರಲು ಶುರುಮಾಡಿದ ‘ಥರ್ಟೀನ್ ಸ್ಟೆಪ್ಸ್ ಟು ಮೆಂಟಲಿಸಂ’ ಈ ವಿದ್ಯೆಯ ಪಠ್ಯಪುಸ್ತಕವೆಂದೇ ಹೆಸರಾದದ್ದು. ಅದರ ಹದಿಮೂರು ಮೆಟ್ಟಿಲುಗಳಲ್ಲಿ ಮೊದಲನೆಯದೇ ಸ್ವಾಮಿ ಗಿಮಿಕ್. ಕಲಿಯುವವರ ಕೈಗೆ ಕೊರಿಂಡಾ ಮೊದಲು ಕೊಟ್ಟದ್ದು ಇದನ್ನು. ಗುಟ್ಟು ತಿಳಿದವರೆಲ್ಲ ಇದನ್ನು ಮಾಡಬಲ್ಲವರಾಗಿದ್ದರೆ ನೇಲ್ ರೈಟರ್ ಎಂದೋ ಸತ್ತುಹೋಗುತ್ತಿತ್ತು. ಇದನ್ನು ಕೊಂಡವರಲ್ಲಿ ಹೆಚ್ಚಿನವರು ಒಂದೆರಡು ವಾರ ಗೀಚಿ ನೋಡಿ, ಅಂಕಿ ಕೋಳಿಕಾಲಿನಂತೆ ಬಂತೆಂದು ಡ್ರಾಯರಿಗೆ ಎಸೆಯುತ್ತಾರೆ. ಬಹಳ ಸಲ ತಪ್ಪು ಬೆರಳಿನದಲ್ಲ. ತಮ್ಮ ಕೈಗೆ, ತಮ್ಮ ಕಾರ್ಡಿಗೆ, ತಾವು ಬರೆಯಬೇಕಾದ ವಿಷಯಕ್ಕೆ ಹೊಂದದ ಗಿಮಿಕ್ಕನ್ನು ತಂದುಕೊಂಡಿರುತ್ತಾರೆ.

ಇದರ ಮೂಲ ಹುಡುಕಿದರೆ ನಾವು ತಲುಪುವುದು ಸ್ಲೇಟು ಬಳಪಕ್ಕೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಸತ್ತವರ ಆತ್ಮಗಳು ಸ್ಲೇಟಿನ ಮೇಲೆ ಸಂದೇಶ ಬರೆಯುತ್ತವೆ ಎನ್ನುವ ‘ಮಾಧ್ಯಮ’ಗಳ ಹಾವಳಿ ಜೋರಾಗಿತ್ತು. ಮೇಜಿನ ತಳದಲ್ಲಿ ಸ್ಲೇಟು ಹಿಡಿದರೆ ಕರಕರ ಸದ್ದಾಗುತ್ತಿತ್ತು, ಹೊರತೆಗೆದರೆ ಬರಹ ಇರುತ್ತಿತ್ತು. ಇಂಥವರಲ್ಲಿ ಹೆನ್ರಿ ಸ್ಲೇಡ್ ಎಂಬವನು ಅತಿ ಪ್ರಸಿದ್ಧ. 1876ರಲ್ಲಿ ಲಂಡನ್ನಿನಲ್ಲಿ ಪ್ರಾಣಿವಿಜ್ಞಾನಿ ರೇ ಲ್ಯಾಂಕೆಸ್ಟರ್ ಅವನ ಬೈಠಕ್ಕಿಗೆ ಹೋಗಿ, ಆತ್ಮ ಬರೆಯಲು ತೊಡಗುವ ಮೊದಲೇ ಸ್ಲೇಟನ್ನು ಕಸಿದುಕೊಂಡ. ಬರಹ ಆಗಲೇ ಅದರ ಮೇಲಿತ್ತು. ಕೋರ್ಟು ಮೂರು ತಿಂಗಳ ಕಠಿಣ ಶಿಕ್ಷೆ ಕೊಟ್ಟಿತು. ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ಅದು ರದ್ದಾಯಿತು, ಸ್ಲೇಡ್ ದೇಶ ಬಿಟ್ಟು ಹೋದ. ಬೆರಳಿಗೆ ಬಳಪದ ಚೂರನ್ನು ಸಿಕ್ಕಿಸಿಕೊಂಡು ಸ್ಲೇಟಿನ ಮೇಲೆ ಬರೆಯುವುದು ಆ ಕಾಲದ ಮಾಧ್ಯಮಗಳ ಬತ್ತಳಿಕೆಯ ಒಂದು ಬಾಣ. ಚುಂಗ್ ಲಿಂಗ್ ಸೂ ಎಂಬ ಚೀನೀ ವೇಷದಲ್ಲಿ ಮುಂದೆ ಹೆಸರಾದ ಅಮೆರಿಕದ ಜಾದೂಗಾರ ವಿಲಿಯಂ ರಾಬಿನ್ಸನ್, 1898ರಲ್ಲಿ ಸ್ಲೇಟು ಬರಹದ ಉಪಾಯಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬಿಡಿಸಿಟ್ಟ. ಮಾಧ್ಯಮಗಳ ಬಳಪವನ್ನು ಜಾದೂಗಾರರು ಕಿತ್ತುಕೊಂಡರು, ಸ್ಲೇಟಿನ ಜಾಗಕ್ಕೆ ಕಾರ್ಡು ಬಂತು, ಬಳಪದ ಜಾಗಕ್ಕೆ ಪೆನ್ಸಿಲಿನ ಕಡ್ಡಿ ಬಂತು. 1934ರಿಂದ 1941ರವರೆಗೆ ‘ಜಿಂಕ್ಸ್’ ಎಂಬ ಪತ್ರಿಕೆ ನಡೆಸಿದ ಟೆಡ್ ಅನ್ನೆಮನ್ನನಂಥವರ ಕಾಲಕ್ಕೆ ಮೆಂಟಲಿಸಂ ಜಾದೂವಿನ ಒಂದು ಸ್ವತಂತ್ರ ಶಾಖೆಯಾಗಿ ಬೆಳೆಯಿತು.

ಮೊದಲು ಬರಹ, ಆಮೇಲೆ ಸಲಕರಣೆ

ಅಂಗಡಿಯ ಪಟ್ಟಿ ನೋಡಿ ಆರಿಸಲು ಹೊರಟರೆ ತಲೆ ಕೆಡುತ್ತದೆ. ನೀವು ಗುಟ್ಟಾಗಿ ಬರೆಯಬೇಕಾದ ಅತಿ ಕಡಿಮೆ ಬರಹ ಯಾವುದು? ಇದನ್ನು ಮೊದಲು ಕಾಗದದ ಮೇಲೆ ತೀರ್ಮಾನಿಸಬೇಕು. ಒಂದು ಅಂಕಿಯೇ, ಎರಡೇ, ಒಂದು ಗೆರೆಯೇ, ಒಂದು ಸುತ್ತೇ? ಹೆಬ್ಬೆರಳು ಆರಾಮಾಗಿ ಓಡಾಡುವ ಜಾಗ ಸುಮಾರು ಎರಡು ಸೆಂಟಿಮೀಟರ್ ಅಷ್ಟೆ. ಅದರೊಳಗೆ ಎರಡು ಅಂಕಿ ಹಿಡಿಸುತ್ತದೆ, ಮೂರನೆಯದಕ್ಕೆ ಕಾರ್ಡನ್ನು ಸರಿಸಬೇಕಾಗುತ್ತದೆ. ಹೆಸರು ಬರೆಯುತ್ತೇನೆಂದು ಹೊರಡುವುದು ದುಸ್ಸಾಹಸ.

ಕನ್ನಡದಲ್ಲಿ ಅದು ಇನ್ನೂ ಕಷ್ಟ. ನಮ್ಮ ಲಿಪಿಯೆಲ್ಲ ಸುತ್ತು, ಕೊಂಬು, ತಲೆಕಟ್ಟು, ಒತ್ತು. ಇಂಗ್ಲಿಷಿನ ಎಷ್ಟೋ ಅಕ್ಷರಗಳನ್ನು ಮೂರು ನೇರ ಗೆರೆಯಲ್ಲಿ ಮುಗಿಸಬಹುದು. ‘ಕೃ’ ಬರೆಯುವಷ್ಟರಲ್ಲಿ ಪ್ರೇಕ್ಷಕರು ಎದ್ದು ಹೋಗಿರುತ್ತಾರೆ. ಅಂಕಿಗಳದೂ ಅದೇ ಕಥೆ: 1, 4, 7 ಇವು ಗೆರೆಗಳು, ಕಣ್ಣು ಮುಚ್ಚಿಯೂ ಬರುತ್ತವೆ. ೩, ೬, ೯ ಸುರುಳಿಗಳು. ತಾಳೆಗರಿಯ ಮೇಲೆ ಕಂಠವೆಂಬ ಲೋಹದ ಲೇಖನಿಯಿಂದ ಕೊರೆದು ಬರೆದವರಿಗೆ ಈ ಸುತ್ತುಗಳು ಅನುಕೂಲವಾಗಿದ್ದವು, ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು ಎನ್ನುತ್ತಾರೆ. ಆ ಲಿಪಿಕಾರರಿಂದ ನಾವು ಕಲಿಯಬೇಕಾದದ್ದು ಇನ್ನೊಂದಿದೆ. ಎಡಗೈಯಲ್ಲಿ ಗರಿ ಹಿಡಿದು, ಎಡ ಹೆಬ್ಬೆರಳಿನ ಆಸರೆಗೆ ಕಂಠವನ್ನು ಒರಗಿಸಿ, ಅವರು ಕಂಠಕ್ಕಿಂತ ಹೆಚ್ಚಾಗಿ ಗರಿಯನ್ನೇ ಸರಿಸುತ್ತ ಬರೆಯುತ್ತಿದ್ದರು. ನೇಲ್ ರೈಟರಿನ ಅಕ್ಷರ ನೆಟ್ಟಗಾಗುವುದೂ ಇದೇ ರೀತಿಯಲ್ಲಿ. ಕಾರ್ಡಿನ ಆಚೆ ಬದಿಯ ಬೆರಳುಗಳು ಕಾರ್ಡನ್ನು ಕೂದಲೆಳೆಯಷ್ಟು ಸರಿಸುತ್ತಿರಬೇಕು, ಹೆಬ್ಬೆರಳು ಹೆಚ್ಚುಕಡಿಮೆ ನಿಂತಲ್ಲೇ ಇರಬೇಕು.

ಆದ್ದರಿಂದ ಪದಗಳನ್ನು ಅಂಕಿಗೆ ಇಳಿಸುವುದು ಜಾಣತನ. ಪ್ರೇಕ್ಷಕರು ಮನಸ್ಸಿನಲ್ಲಿಟ್ಟುಕೊಂಡ ರಾಶಿಯನ್ನು ಮೊದಲೇ ಬರೆದಿಟ್ಟಂತೆ ತೋರಿಸಬೇಕು ಅಂದುಕೊಳ್ಳಿ. ಮೇಷದಿಂದ ಮೀನದವರೆಗೆ ಹನ್ನೆರಡನ್ನು ಕ್ರಮಸಂಖ್ಯೆ ಹಾಕಿ ಅಚ್ಚು ಹಾಕಿಸಿದ ಚೀಟಿಯೊಂದು ಅವರ ಕೈಯಲ್ಲಿರಲಿ. ನಿಮ್ಮ ಕಾರ್ಡಿನಲ್ಲಿ ‘ನಿಮ್ಮ ರಾಶಿಯ ಸಂಖ್ಯೆ’ ಎಂದು ಪೆನ್ಸಿಲಿನಲ್ಲಿ ಬರೆದಿರಲಿ. ಅವರು ವೃಶ್ಚಿಕ ಅಂದರೆ ಹೆಬ್ಬೆರಳಿಗಿರುವ ಕೆಲಸ 8 ಬರೆಯುವುದು ಮಾತ್ರ. ನಾಣ್ಯದ ಇಸವಿ ಹೇಳುವ ಆಟದಲ್ಲಿ ಈ ಶತಮಾನದ ನಾಣ್ಯಗಳನ್ನೇ ಕೊಟ್ಟರೆ 20 ಎಂಬುದನ್ನು ಪೆನ್ಸಿಲೇ ಬರೆದಿಟ್ಟಿರುತ್ತದೆ. ಐದಾರು ಆಯ್ಕೆಗಳ ಪಟ್ಟಿಯಾದರೆ ಬರೆಯುವುದೂ ಬೇಡ, ಸರಿಯಾದ ಸಾಲಿನ ಪಕ್ಕ ಒಂದು ಗೀಟು ಸಾಕು. ಆ ಪಟ್ಟಿ ಕಾರ್ಡಿನ ಅಂಚಿನಲ್ಲಿ, ಹೆಬ್ಬೆರಳು ಬೀಳುವ ಕಡೆ, ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು ಇರಬೇಕು. ಗೀಟು ಎರಡು ಸಾಲಿನ ನಡುವೆ ಬಿದ್ದರೆ ಮಾತಿನಿಂದ ಸಂಭಾಳಿಸುವುದು ಯಾರಿಂದಲೂ ಆಗದು.

ಬರಹ ತೀರ್ಮಾನವಾದ ಮೇಲೆ ಕಾಗದ. ಒರಟಾದ, ಹೊಳಪಿಲ್ಲದ, ಬಾಗದಷ್ಟು ದಪ್ಪನೆಯ ಕಾರ್ಡು ನೇಲ್ ರೈಟರಿನ ಆಪ್ತಮಿತ್ರ. ತೆಳು ಕಾಗದ ಹೆಬ್ಬೆರಳಿನ ಒತ್ತಡಕ್ಕೆ ಬಗ್ಗುತ್ತದೆ, ಮುಂದೆ ಕೂತವರಿಗೆ ಅದು ಉಬ್ಬಿ ತಗ್ಗುವುದು ಕಾಣುತ್ತದೆ. ಈಗಿನ ವಿಸಿಟಿಂಗ್ ಕಾರ್ಡುಗಳಲ್ಲಿ ಬಹುಪಾಲು ಲ್ಯಾಮಿನೇಶನ್ ಆದವು, ಪೆನ್ಸಿಲಿನ ಕಡ್ಡಿ ಅವುಗಳ ಮೇಲೆ ಜಾರಿ ಹೋಗುತ್ತದೆ. ಲಗ್ನಪತ್ರಿಕೆಯ ಹೊಳೆಯುವ ಮುಖದ್ದೂ ಇದೇ ಪಾಡು, ಹಿಂಬದಿ ಮಾತ್ರ ಎಷ್ಟೋ ಸಲ ಚೆನ್ನಾಗಿ ಬರೆಸಿಕೊಳ್ಳುತ್ತದೆ. ಮದುವೆ ಮನೆಯಲ್ಲಿ ಪ್ರದರ್ಶನ ಕೊಡುವವರು ಆ ಮನೆಯ ಪತ್ರಿಕೆಯನ್ನೇ ಬಳಸಿದರೆ ಅನುಮಾನವೂ ಕಡಿಮೆ, ಅದು ನೆನಪಿನ ವಸ್ತುವಾಗಿ ಉಳಿಯುವ ಸಾಧ್ಯತೆಯೂ ಹೆಚ್ಚು.

ಕಾಗದದ ಮಾತು ಬಂದಾಗ ಒಂದು ಮೋಜು ಹೇಳಲೇಬೇಕು. ಹೋಟೆಲಿನ ಬಿಲ್ಲು, ಎಟಿಎಂ ಚೀಟಿ ಇವೆಲ್ಲ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದಗಳು. ಅವುಗಳ ಮೇಲೆ ಬರಿ ಉಗುರಿನಿಂದ ಚುರುಕಾಗಿ ಗೀರಿದರೆ ಉಜ್ಜಿದ ಬಿಸಿಗೇ ಬೂದುಗಪ್ಪು ಗೆರೆ ಮೂಡುತ್ತದೆ. ಸಲಕರಣೆಯೇ ಇಲ್ಲದ ನೇಲ್ ರೈಟರ್! ಊಟ ಮುಗಿಸಿದ ಗೆಳೆಯರ ನಡುವೆ ಒಂದು ಗೀಟು ಎಳೆಯುವ ಆಟಕ್ಕೆ ಇದು ಸಾಕು. ಅಂಕಿ ಬರೆಯಲು ಹೋದರೆ ಗೀರಿನ ಸದ್ದೂ ಕೈಯ ರಭಸವೂ ಹಿಡಿದುಕೊಡುತ್ತವೆ.

ಕಡ್ಡಿ

ಗಿಮಿಕ್ಕಿನ ಆಕಾರದ ಬಗ್ಗೆ ತಲೆಕೆಡಿಸಿಕೊಳ್ಳುವವರು ಅದರೊಳಗಿನ ಕಡ್ಡಿಯನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಅರ್ಧ ಆಟ ಅದರದ್ದೇ. ಪೆನ್ಸಿಲಿನ ಕಡ್ಡಿ ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣವನ್ನು ಸುಟ್ಟು ಮಾಡಿದ್ದು. 1795ರಲ್ಲಿ ಫ್ರಾನ್ಸಿನ ಕೋಂಟೆ ಕಂಡುಹಿಡಿದ ವಿಧಾನ ಇದು. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ಮಸುಕು. ಗ್ರಾಫೈಟ್ ಹೆಚ್ಚಾದರೆ ಕಡ್ಡಿ ಮೃದು, ಗೆರೆ ಕಪ್ಪು. ಹೆಬ್ಬೆರಳಿಗೆ ಕೈಯಂತೆ ಒತ್ತಿ ಬರೆಯುವ ಬಲವಿಲ್ಲ. ಹಾಗಾಗಿ ಮಾಮೂಲಿ ಎಚ್‌ಬಿ ಕಡ್ಡಿಯಿಂದ ಬರುವುದು ಕಂಡೂ ಕಾಣದ ಗೆರೆ. 2ಬಿಯಿಂದ 4ಬಿವರೆಗಿನ, ಎರಡು ಮಿಲಿಮೀಟರ್ ದಪ್ಪದ ಕಡ್ಡಿ ಒರಟು ಕಾರ್ಡಿಗೆ ಹೇಳಿ ಮಾಡಿಸಿದ್ದು. ಅದಕ್ಕಿಂತ ಮೃದುವಾದದ್ದು ಕಪ್ಪಗೆ ಬರೆಯುತ್ತದೆ, ಜೊತೆಗೆ ಹೆಬ್ಬೆರಳನ್ನೂ ಕಪ್ಪಾಗಿಸುತ್ತದೆ. ಕಾರ್ಡು ತಿರುಗಿಸಿ ತೋರಿಸುವ ಹೊತ್ತಿಗೆ ಬೆರಳ ತುದಿ ಮಸಿ ಮೆತ್ತಿದಂತಿದ್ದರೆ ಮೆದುಳು ಓದುವ ಕಥೆಯನ್ನು ಯಾರು ನಂಬುತ್ತಾರೆ? ಮೆಕ್ಯಾನಿಕಲ್ ಪೆನ್ಸಿಲಿನ ಸಣ್ಣ ಕಡ್ಡಿಗಳು ಚೂಪಾದ ಗೆರೆ ಕೊಡುತ್ತವೆ, ಆದರೆ ಬೇಗ ಮುರಿಯುತ್ತವೆ.

ಹೊಳಪಿನ ಮೇಲ್ಮೈಗೆ ಗ್ರೀಸ್ ಕಡ್ಡಿ ಬೇಕು. ಮೇಣ ಬೆರೆತ ಈ ಕಡ್ಡಿ ಗಾಜಿನ ಮೇಲೂ ಬರೆಯುತ್ತದೆ. ಅಮೆರಿಕದ ಲಿಸ್ಟೋ ಎಂಬ ಕಂಪನಿಯ ಕಡ್ಡಿ ಜಾದೂಗಾರರಲ್ಲಿ ಎಷ್ಟು ರೂಢಿಯೆಂದರೆ ‘ಲಿಸ್ಟೋ’ ಎಂದರೆ ಗ್ರೀಸ್ ಕಡ್ಡಿ ಎಂದೇ ಅರ್ಥ. ಇಸ್ಪೀಟೆಲೆ, ಫೋಟೊ, ಲ್ಯಾಮಿನೇಟ್ ಆದ ಕಾರ್ಡು ಎಲ್ಲಕ್ಕೂ ಸಲ್ಲುತ್ತದೆ. ದಪ್ಪ ಗೆರೆ, ಸದ್ದಿಲ್ಲ, ಮಾರ್ಕರಿನಲ್ಲಿ ಬರೆದಂತೆ ಕಾಣುತ್ತದೆ. ಅದರ ಕಾಟವೆಂದರೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಮೆತ್ತಗಾಗುತ್ತದೆ, ಅಂಗಿಯ ಜೇಬಿನಲ್ಲಿಟ್ಟರೆ ಅಂಗಿಯ ಮೇಲೆಯೇ ಭವಿಷ್ಯ ಬರೆಯುತ್ತದೆ. ಇಂಕಿನ ಮಾದರಿಗಳೂ ಮಾರುಕಟ್ಟೆಯಲ್ಲಿವೆ. ಚಿಕ್ಕ ಫೆಲ್ಟ್ ತುದಿಗೆ ಇಂಕು ತುಂಬಿದ್ದು ಗಾಳಿಗೆ ಬೇಗ ಒಣಗುತ್ತದೆ. ಅದನ್ನು ಮುಚ್ಚಳದಡಿ ಕಾಪಾಡಿಕೊಂಡು, ಪ್ರದರ್ಶನಕ್ಕೆ ಸ್ವಲ್ಪ ಮೊದಲು ಇಂಕು ಹಾಕಿಕೊಂಡು ಬರುವ ತಾಳ್ಮೆ ಇದ್ದವರಿಗೆ ಮಾತ್ರ ಅದು.

ಬಹಿರಂಗವಾಗಿ ಬಳಸುವ ಪೆನ್ಸಿಲಿಗೂ ಗುಟ್ಟಿನ ಕಡ್ಡಿಗೂ ಗೋತ್ರ ಒಂದೇ ಆಗಿರಬೇಕು. ಮೇಲಿನ ಸಾಲು ಬಾಲ್ ಪೆನ್ನಿನ ನೀಲಿಯಲ್ಲಿ, ಅಂಕಿ ಮಾತ್ರ ಬೂದು ಬಣ್ಣದಲ್ಲಿ ಇರುವ ಕಾರ್ಡನ್ನು ಹಿಡಿದು ‘ನೋಡಿ’ ಎನ್ನುವವರನ್ನು ಕಂಡಿದ್ದೇನೆ. ಪೆನ್ಸಿಲನ್ನು ಮೊಂಡಾಗಿಸಿ, ಸಾಲನ್ನೂ ಅವಸರದಲ್ಲಿ ಗೀಚಿದಂತೆ ತುಸು ವಕ್ರವಾಗಿ ಬರೆಯಿರಿ. ಮೇಲಿನ ಮೂರು ಪದಗಳು ಮುತ್ತು ಪೋಣಿಸಿದಂತಿದ್ದು ಅಂಕಿ ಮಾತ್ರ ನಡುಗಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಬೆರಳಿಗೆ ಹಿಡಿಸುವ ಬಗೆಗಳು

ಈಗ ಆಕಾರ. ಮುಖ್ಯವಾಗಿ ನಾಲ್ಕು ಬಗೆ, ಅದರಲ್ಲಿ ಎರಡರ ಬಗ್ಗೆ ಮಾತ್ರ ಹೆಚ್ಚು ಯೋಚಿಸಬೇಕಾದದ್ದು.

ಬ್ಯಾಂಡ್ ರೈಟರ್ ಎಂದರೆ ಹೆಬ್ಬೆರಳ ತುದಿಯನ್ನು ತಬ್ಬುವ ಲೋಹದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ, ಅದರ ಮೇಲೊಂದು ಪುಟ್ಟ ಬಟ್ಟಲು, ಬಟ್ಟಲಲ್ಲಿ ಕಡ್ಡಿ. ಬೆರಳಿಗೆ ಭದ್ರವಾಗಿ ಕೂರುತ್ತದೆ, ಒತ್ತಿ ಬರೆದರೂ ಅಲುಗುವುದಿಲ್ಲ, ಜೇಬಿನೊಳಗೆ ಒಂದೇ ಕೈಯಲ್ಲಿ ತೊಟ್ಟು ಕಳಚಲು ಬರುತ್ತದೆ. ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಕೆಟ್ಟದ್ದೆಂದರೆ ಉಗುರಿನ ಮೇಲೆ ಹಾದುಬರುವ ಪಟ್ಟಿ ಕಾಣುತ್ತದೆ, ಆದ್ದರಿಂದ ಹೆಬ್ಬೆರಳು ಸದಾ ಕಾರ್ಡಿನ ಮರೆಯಲ್ಲೇ ಇರಬೇಕು. ಕೊಳ್ಳುವಾಗ ಬೆರಳ ಅಳತೆ ನೋಡಿ. ಸಡಿಲಾದರೆ ಬರೆಯುವಾಗ ತಿರುಗುತ್ತದೆ, ಬಿಗಿಯಾದರೆ ರಕ್ತ ಕಟ್ಟಿ ಬೆರಳ ತುದಿ ಕೆಂಪೇರುತ್ತದೆ.

ಎರಡನೆಯದು ಅಂಟಿಸುವ ಬಗೆ. ಶರ್ಟಿನ ಗುಂಡಿಗಿಂತ ಚಿಕ್ಕದಾದ ಬಿಲ್ಲೆ, ಅದರ ನಡುವೆ ಕಡ್ಡಿ. ಅಂಟುಟೇಪಿನಿಂದಲೋ ಜಾದೂ ಮೇಣದಿಂದಲೋ ಬೆರಳ ಮೆತ್ತೆಗೆ ಇಲ್ಲವೇ ಉಗುರಿಗೆ ಅಂಟಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಸಣ್ಣದು, ಕೈ ಬೀಸಿ ಮಾತಾಡಿದರೂ ದೂರದವರಿಗೆ ಗೊತ್ತಾಗದು. ಬೆವರು ಮಾತ್ರ ಇದರ ಶತ್ರು. ಮಂಗಳೂರು, ಕಾರವಾರದ ಸೆಕೆಯಲ್ಲಿ ಫ್ಯಾನಿಲ್ಲದ ಸಭಾಭವನದ ವೇದಿಕೆ ಹತ್ತಿದರೆ ಅಂಟು ಬಿಡುವುದು ಯಾವ ಗಳಿಗೆಯಲ್ಲೋ ಹೇಳಲಾಗದು. ಉಗುರಿಗೆ ಅಂಟಿಸಿದರೆ ಚರ್ಮದಷ್ಟು ಬೆವರುವುದಿಲ್ಲ, ಸ್ಪಿರಿಟಿನಿಂದ ಒರೆಸಿ ಒಣಗಿಸಿ ಅಂಟಿಸಿದರೆ ಇನ್ನೂ ಮೇಲು. ಒಂದು ತುರ್ತು ಎಚ್ಚರಿಕೆ: ಬಿಲ್ಲೆ ಬಿದ್ದುಹೋಗುತ್ತದೆ ಎಂದು ಫೆವಿಕ್ವಿಕ್‌ನಂಥ ಅಂಟನ್ನು ಬೆರಳಿಗೆ ಹಚ್ಚಬೇಡಿ. ಅದು ಕ್ಷಣದಲ್ಲಿ ಚರ್ಮವನ್ನು ಕಚ್ಚಿಕೊಳ್ಳುತ್ತದೆ, ಕಿತ್ತರೆ ಸಿಪ್ಪೆ ಬರುತ್ತದೆ.

ಉಗುರಿನ ಸಂದಿಗೆ ಸಿಕ್ಕಿಸುವ ಕ್ಲಿಪ್ಪು ಮೂರನೆಯ ಬಗೆ. ನೇಲ್ ರೈಟರ್ ಎಂಬ ಹೆಸರಿಗೆ ನ್ಯಾಯ ಒದಗಿಸುವುದು ಇದೊಂದೇ. ತುದಿ ಉಗುರಿನ ನೇರದಲ್ಲಿ ಇರುವುದರಿಂದ ಎಲ್ಲಿ ಬರೆಯುತ್ತಿದ್ದೇವೆ ಎಂಬ ಅಂದಾಜು ಚೆನ್ನಾಗಿ ಸಿಗುತ್ತದೆ. ಇದಕ್ಕೆ ಉಗುರು ತುಸು ಉದ್ದ ಬಿಟ್ಟಿರಬೇಕು. ಉಗುರು ಬೆಳೆಸಿ ಬಣ್ಣ ಹಚ್ಚುವ ಹೆಣ್ಣುಮಕ್ಕಳಿಗೆ ಇಲ್ಲಿ ದೊಡ್ಡ ಅನುಕೂಲವಿದೆ: ಬಣ್ಣದ ಉಗುರಿನಡಿ ಅದೇ ಬಣ್ಣದ ಕ್ಲಿಪ್ಪು ಹುಡುಕಿದರೂ ಕಾಣದು. ನಾಲ್ಕನೆಯದು ಥಂಬ್ ಟಿಪ್, ಅಂದರೆ ಹೆಬ್ಬೆರಳಿನ ಮೇಲೆ ತೊಡುವ ಪೊಳ್ಳು ಹೆಬ್ಬೆರಳು, ಅದರ ಮೆತ್ತೆಯಲ್ಲಿ ಕಡ್ಡಿ. ದಪ್ಪ ಗೆರೆ, ದೊಡ್ಡ ಅಂಕಿ ಬೇಕಾದ ವೇದಿಕೆಗೆ ಅದು ಸರಿ. ಮಾರುದೂರದಲ್ಲಿ ಕೂತವರ ಎದುರು ನಾನು ಅದನ್ನು ಮುಟ್ಟುವುದಿಲ್ಲ.

ವಿದೇಶದಿಂದ ಬರುವ ಬಿಲ್ಲೆ, ಬ್ಯಾಂಡು, ಟಿಪ್ಪುಗಳಲ್ಲಿ ‘ಚರ್ಮದ ಬಣ್ಣ’ ಎಂದರೆ ಬಹಳ ಸಲ ಗುಲಾಬಿ ಬಿಳುಪು. ನಮ್ಮ ಕೈಯ ಮೇಲೆ ಅದು ಅಂಟಿಸಿದ ಬಿಂದಿಯಂತೆ ಎದ್ದು ಕಾಣುತ್ತದೆ. ಹೊಳಪಿಲ್ಲದ ಅಕ್ರಿಲಿಕ್ ಬಣ್ಣವನ್ನು ಎರಡು ಮೂರು ಛಾಯೆ ಬೆರೆಸಿ ಹಚ್ಚಿದರೆ ಸರಿಹೋಗುತ್ತದೆ. ಬೆರಳ ಮೆತ್ತೆಯ ಬಣ್ಣಕ್ಕೂ ಬೆನ್ನಿನ ಬಣ್ಣಕ್ಕೂ ವ್ಯತ್ಯಾಸವಿದೆ ಎಂಬುದನ್ನು ಹಗಲಿನ ಬೆಳಕಿನಲ್ಲಿ ನೋಡಿ ಬೆರೆಸಬೇಕು. ಪಾರದರ್ಶಕ ಪ್ಲಾಸ್ಟಿಕ್ಕಿನದು ಸಿಕ್ಕರೆ ಈ ರಗಳೆಯೇ ಇಲ್ಲ. ಇನ್ನೊಂದು ಉಪಾಯ ಗಿಮಿಕ್ಕನ್ನು ಅಡಗಿಸದೇ ಇರುವುದು. ಹೆಬ್ಬೆರಳಿಗೆ ಸುತ್ತಿದ ಬ್ಯಾಂಡ್ ಏಡ್ ಪಟ್ಟಿಯ ಮೆತ್ತೆಯೊಳಗಿಂದ ಕಡ್ಡಿಯ ತುದಿ ಇಣುಕಿದರೆ, ತರಕಾರಿ ಹೆಚ್ಚುವಾಗ ಕೊಯ್ದುಕೊಂಡ ಬೆರಳನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದಾದ, ಖರ್ಚಿಲ್ಲದ ಗಿಮಿಕ್ ಇದು. ಹಣ ಹಾಕುವ ಮುಂಚೆ ಇದರಲ್ಲಿ ಗೀಚಿ ನೋಡಿದರೆ, ನಿಮ್ಮ ಬೆರಳಿಗೆ ಕಡ್ಡಿ ತುದಿಯಲ್ಲಿರಬೇಕೋ ಮೆತ್ತೆಯ ನಡುವಿನಲ್ಲೋ ಎಂಬುದೂ ಗೊತ್ತಾಗುತ್ತದೆ. ತುದಿಯಲ್ಲಿದ್ದರೆ ಅಕ್ಷರ ಚೊಕ್ಕ, ಆದರೆ ಹೆಬ್ಬೆರಳು ಕೊಕ್ಕಿನಂತೆ ಬಾಗಿರುತ್ತದೆ. ಮೆತ್ತೆಯ ನಡುವಿದ್ದರೆ ಹಿಡಿತ ಸಹಜ, ಅಕ್ಷರಕ್ಕೆ ಅಭ್ಯಾಸ ಹೆಚ್ಚು ಬೇಕು.

ಯಾವ ಕೈ ಎಂಬುದರಲ್ಲಿ ಎರಡು ಪಂಗಡಗಳಿವೆ. ಬಲಗೈಯವರು ಬಲ ಹೆಬ್ಬೆರಳಲ್ಲೇ ಬರೆದರೆ ಅಕ್ಷರ ಬೇಗ ಪಳಗುತ್ತದೆ, ಆದರೆ ಪೆನ್ಸಿಲ್ ಜೇಬಿಗಿಳಿಸಿದ ಮೇಲೆ ಕಾರ್ಡನ್ನು ಕಾರಣವಿಲ್ಲದೆ ಎಡದಿಂದ ಬಲಗೈಗೆ ದಾಟಿಸಬೇಕಾಗುತ್ತದೆ. ಎಡ ಹೆಬ್ಬೆರಳಾದರೆ ಕಾರ್ಡು ಮೊದಲಿನಿಂದಲೂ ಅಲ್ಲೇ ಇರುತ್ತದೆ, ಬಲಗೈ ಖಾಲಿಯಾಗಿ ಎಲ್ಲರ ಕಣ್ಣೆದುರು ಮಾತಿಗೆ ತಕ್ಕಂತೆ ಆಡುತ್ತಿರುತ್ತದೆ. ಕಲಿಯಲು ತಡವಾದರೂ ಎಡವೇ ಮೇಲು ಎನ್ನುವ ಪಕ್ಷ ನನ್ನದು.

ತೊಡುವುದು, ಕಳಚುವುದು, ನಡುವೆ ಬರೆಯುವುದು

ಗಿಮಿಕ್ ಎಲ್ಲಿಂದ ಬೆರಳಿಗೆ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯೋಚಿಸದೆ ಕೊಂಡವರು ಪಶ್ಚಾತ್ತಾಪ ಪಡುತ್ತಾರೆ. ಬ್ಯಾಂಡಿಗೆ ಜೀನ್ಸಿನ ಚಿಕ್ಕ ಒಳಜೇಬು ಹೇಳಿ ಮಾಡಿಸಿದ ಜಾಗ. ಬಲ ಹೆಬ್ಬೆರಳಿನಲ್ಲಿ ಬರೆಯುವವರಾದರೆ ಪೆನ್ಸಿಲ್ ಜೇಬಿಗಿಳಿಸುವ ನೆಪದಲ್ಲಿ ಬೆರಳು ಗಿಮಿಕ್ಕಿನೊಳಗೆ ಹೋಗುತ್ತದೆ. ಆಮೇಲೆ ಪೆನ್ಸಿಲಿನ ಅಗತ್ಯವಿಲ್ಲ, ಜೇಬಿಗೆ ಕೈ ಹೋದದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಪಂಚೆ ಉಟ್ಟವರಿಗೆ, ಸೀರೆ ಉಟ್ಟವರಿಗೆ ಈ ದಾರಿಯಿಲ್ಲ. ಅವರು ಮೊದಲೇ ಅಂಟಿಸಿಕೊಂಡು ಬರುವ ಬಿಲ್ಲೆಯನ್ನೇ ನೆಚ್ಚಬೇಕು, ಇಲ್ಲವೇ ಗಿಮಿಕ್ಕನ್ನು ಕಾರ್ಡುಗಳ ಕಟ್ಟಿನಡಿ ಮೇಜಿನ ಮೇಲಿಟ್ಟು ಕಾರ್ಡು ಎತ್ತುವಾಗಲೇ ಬೆರಳು ತೂರಿಸಬೇಕು.

ಬರೆಯುವ ಗಳಿಗೆಯಲ್ಲಿ ಹೆಚ್ಚಿನವರು ಮಾತು ನಿಲ್ಲಿಸುತ್ತಾರೆ. ಗಮನ ಬೆರಳಿಗೆ ಹೋದೊಡನೆ ನಾಲಿಗೆ ತಡವರಿಸುತ್ತದೆ, ಕಣ್ಣು ಕಾರ್ಡಿನತ್ತ ವಾಲುತ್ತದೆ, ಪ್ರೇಕ್ಷಕರ ಕಣ್ಣೂ ಹಿಂಬಾಲಿಸುತ್ತದೆ. ಆದ್ದರಿಂದ ಅಭ್ಯಾಸವನ್ನು ಬರಿ ಬರಹದ ಅಭ್ಯಾಸವಾಗಿ ಮಾಡಬಾರದು. ಟಿವಿಯಲ್ಲಿ ಸುದ್ದಿ ಓದುತ್ತಿರುವಾಗ ಅದರಲ್ಲಿ ಬರುವ ಅಂಕಿಗಳನ್ನೆಲ್ಲ ಹೆಬ್ಬೆರಳಿನಲ್ಲಿ ಬರೆಯುತ್ತ, ಜೊತೆಗೆ ಮನೆಯವರೊಂದಿಗೆ ಹರಟುತ್ತ ಇರಬೇಕು. ಕ್ರಿಕೆಟ್ ಪಂದ್ಯ ಇನ್ನೂ ಒಳ್ಳೆಯದು, ಅಂಕಿಗಳ ಸುಗ್ಗಿ. ಬರೆಯುವ ಕೈಯ ಮೊಣಕೈ ಪಕ್ಕೆಗೆ ತಾಗಿರಲಿ, ಇಲ್ಲದಿದ್ದರೆ ಮಣಿಕಟ್ಟಿನ ನರ ಕುಣಿಯುವುದು ಕಾಣುತ್ತದೆ. ಕಾರ್ಡಿನ ಹಿಂದೆ ಮಧ್ಯದ ಬೆರಳು ಹೆಬ್ಬೆರಳಿಗೆ ಎದುರಾಗಿ ಒತ್ತಿಕೊಟ್ಟಿರಲಿ. ಅಂಕಿ ದೊಡ್ಡದಾಗಿರಲಿ. ಚಿಕ್ಕದಾಗಿ ಬರೆದರೆ ಸುರಕ್ಷಿತ ಅನಿಸುತ್ತದೆ, ನಿಜದಲ್ಲಿ ಚಿಕ್ಕ ಅಂಕಿಯಲ್ಲೇ ನಡುಕ ಎದ್ದು ಕಾಣುವುದು. ಪ್ರೇಕ್ಷಕರ ಉತ್ತರ ಬಂದ ಕ್ಷಣವೇ ಬರೆಯಲು ತೊಡಗಬಾರದು. ಆಗ ಎಲ್ಲರ ಕಣ್ಣೂ ಕಾರ್ಡಿನ ಮೇಲಿರುತ್ತದೆ. ಅವರನ್ನೊಂದು ಪ್ರಶ್ನೆ ಕೇಳಿ, ಅವರು ಉತ್ತರಿಸಲು ಯೋಚಿಸುವಾಗ ಸಭೆಯ ಕಣ್ಣು ಅವರ ಮೇಲಿರುತ್ತದೆ. ಅಜ್ಜಿಯ ವಯಸ್ಸಿನ ಪ್ರಶ್ನೆ ಇರುವುದು ಅದಕ್ಕೇ.

ಇದರ ಮಿತಿಯೂ ಸ್ಪಷ್ಟವಿದೆ. ಉತ್ತರ ಬಾಯಿಬಿಟ್ಟು ಹೇಳಿದ ಮೇಲೂ ಕಾರ್ಡು ಮೆಂಟಲಿಸ್ಟಿನ ಕೈಯಲ್ಲೇ ಇರಬೇಕು. ಹೇಳುವ ಮೊದಲೇ ಕಾರ್ಡನ್ನು ಮೂರನೆಯವರ ಕೈಗೆ ಕೊಡಿ ಎಂದರೆ ಆಟ ಮುಗಿಯಿತು. ಲ್ಯಾಂಕೆಸ್ಟರ್ ಲಂಡನ್ನಿನಲ್ಲಿ ಮಾಡಿದ್ದು ಇಂಥದೇ ಸರಳ ಪರೀಕ್ಷೆ. ಸರಿಯಾಗಿ ನೂರು ವರ್ಷದ ಮೇಲೆ, 1976ರಲ್ಲಿ, ಕುಲಪತಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿ ಮಾಡಿದಾಗ ಕೇಳಿದ್ದೂ ಅಷ್ಟೇ: ನಾವು ಹೇಳುವ ಸ್ಥಿತಿಯಲ್ಲಿ ಮಾಡಿ ತೋರಿಸಿ. ವೇದಿಕೆಯ ಮೆಂಟಲಿಸ್ಟಿಗೆ ಈ ಪರೀಕ್ಷೆಯ ಹಂಗಿಲ್ಲ, ಟಿಕೆಟು ಕೊಂಡವರು ಬಂದಿರುವುದೇ ಮೋಸಹೋಗಿ ಸಂತೋಷಪಡಲು. ರಾಶಿ ಸಂಖ್ಯೆಯ ಆಟವನ್ನು ಮೇಲೆ ವಿವರಿಸಿದೆನಲ್ಲ, ಅದನ್ನೇ ಜ್ಯೋತಿಷ್ಯವೆಂದು ನಂಬಿಸಿ ಯಾರದೋ ಮಗಳ ಮದುವೆಗೆ, ಕಾಯಿಲೆಗೆ ಪರಿಹಾರ ಹೇಳಿ ಕಾಸು ಕೀಳುವವರ ಕೈಗೂ ಇದೇ ಗಿಮಿಕ್ ಹೋಗುತ್ತದೆ. ಚೀಟಿಯಲ್ಲಿ ಮೊದಲೇ ಬರೆದಿದ್ದೇನೆ ಎನ್ನುವ ಯಾರ ಮುಂದಾದರೂ ಕೂತಾಗ, ಆ ಚೀಟಿಯನ್ನು ಮಡಚಿ ನಿಮ್ಮ ಮುಷ್ಟಿಯಲ್ಲಿಟ್ಟುಕೊಂಡ ಮೇಲೆ ಉತ್ತರ ಹೇಳುತ್ತೇನೆ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.

ಕೈನಡುಕ ಇರುವವರಿಗೆ, ಬೆರಳ ಗಂಟು ನೋಯುವವರಿಗೆ ಯಾವ ನೇಲ್ ರೈಟರೂ ಒಗ್ಗದು. ಪ್ರೇಕ್ಷಕರು ಬರೆದದ್ದನ್ನು ಗುಟ್ಟಾಗಿ ಓದಿಕೊಡುವ ಪರ್ಸು, ಒತ್ತಿ ಬರೆದದ್ದರ ಅಚ್ಚು ಉಳಿಸಿಕೊಳ್ಳುವ ಪ್ಯಾಡು ಇವೆಲ್ಲ ಅವರಿಗೆ ಸಲ್ಲುತ್ತವೆ. ಅಲ್ಲಿ ವಿಷಯ ತಿಳಿದುಕೊಳ್ಳಬೇಕು, ಬರೆಯಬೇಕಿಲ್ಲ.

ಪ್ರದರ್ಶನದ ದಿನ ಕಡ್ಡಿಯ ಎತ್ತರ ನೋಡಿಕೊಳ್ಳಿ. ಅದು ಬಟ್ಟಲಿನ ಅಂಚಿನಿಂದ ಒಂದು ಮಿಲಿಮೀಟರಿನಷ್ಟು ಮೇಲಿರಬೇಕು. ಸವೆದು ಅಂಚಿಗೆ ಸಮವಾದರೆ ಬಟ್ಟಲಷ್ಟೇ ಕಾಗದ ಮುಟ್ಟುತ್ತದೆ, ಬೆರಳಿಗೆ ಮಾತ್ರ ಬರೆದ ಅನುಭವವೇ ಆಗುತ್ತದೆ. ಕಾರ್ಡು ತಿರುಗಿಸಿದಾಗಲೇ ಖಾಲಿ ಜಾಗ ಕಾಣುವುದು. ಅಭ್ಯಾಸಕ್ಕೆ ಒಂದು, ವೇದಿಕೆಗೆ ಒಂದು ಎಂದು ಎರಡು ಗಿಮಿಕ್ ಇಟ್ಟುಕೊಂಡು, ಮೂರನೆಯದನ್ನು ಇನ್ನೊಂದು ಜೇಬಿನಲ್ಲಿ ಹಾಕಿಕೊಳ್ಳಿ. ಎಲ್ಲವೂ ಒಂದೇ ಅಳತೆಯವಾಗಿರಲಿ, ಕಡ್ಡಿ ಕೂರಿಸಿದ ಜಾಗವೂ ಒಂದೇ ಇರಲಿ. ಅಭ್ಯಾಸದ್ದರಲ್ಲಿ ಕಡ್ಡಿ ಅರ್ಧ ಸೆಂಟಿಮೀಟರ್ ಆಚೀಚೆ ಇದ್ದರೂ ವೇದಿಕೆಯ ಮೇಲೆ ನಿಮ್ಮ 4 ಮೇಲಿನ ಸಾಲಿನ ಅಕ್ಷರದ ಮೇಲೆ ಹತ್ತಿ ಕೂರುತ್ತದೆ.